ಅಯೋವಾ ಬಾರ್ನ್‌ಸ್ಟಾರ್ಮರ್ಸ್: ಸೂರಿನ ಕೆಳಗೆ ಆಡುವ ಅಮೆರಿಕನ್ ಫುಟ್‌ಬಾಲ್ ತಂಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಎಲ್ಲಿಯ ತಂಡ?

ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡೆ ಮೊಯ್ನ್ ಊರಿನದು. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ, ಸೋಯಾ ಹೊಲ. ಊರೊಳಗೆ ವಿಮಾ ಕಂಪನಿಗಳ ಕಚೇರಿಗಳು. ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅವರದೇ ಆಟ, ಅದಕ್ಕೆ ಜನ ಪ್ರಾಣ ಬಿಡುತ್ತಾರೆ. ಆದರೆ ಆ ಆಟದ ಅತಿ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅಯೋವಾಕ್ಕೆ ತನ್ನದೇ ಅಂತ ಒಂದು ತಂಡ ಇಲ್ಲ. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿಯಲ್ಲೂ ಅಷ್ಟೇ, ಮೇಲಿನ ಲೀಗಿನ ತಂಡ ಒಂದೂ ಇಲ್ಲ. ಇರುವುದೆಲ್ಲ ಕೆಳಗಿನ ಲೀಗಿನ ತಂಡಗಳು, ಜೊತೆಗೆ ಕಾಲೇಜು ತಂಡಗಳು.

ಬಾರ್ನ್‌ಸ್ಟಾರ್ಮರ್ಸ್ 1995ರಲ್ಲಿ ಶುರುವಾಯಿತು. ಹೊರಗಿನವರಿಗೆ ಇದು ಗೊತ್ತಿರುವುದು ಒಬ್ಬನ ಹೆಸರಿನಿಂದ, ಇಲ್ಲಿ ಆಡಿ ಮುಂದೆ ಎನ್‌ಎಫ್‌ಎಲ್ ತಾರೆಯಾದ ಕರ್ಟ್ ವಾರ್ನರ್. ಅವನ ಕಥೆ ದೊಡ್ಡದೇ, ಕೆಳಗೆ ಹೇಳುತ್ತೇನೆ. ಆದರೆ ತಂಡವನ್ನು ಅವನು ತುಳಿದು ಹೋದ ಮೆಟ್ಟಿಲು ಅಂತ ಮಾತ್ರ ನೋಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅವನು ಅಲ್ಲಿದ್ದದ್ದು ಮೂರೇ ಸೀಸನ್. ಡೆ ಮೊಯ್ನ್ ಜನ ಈ ತಂಡವನ್ನು ಕಳೆದುಕೊಂಡು, ಮತ್ತೆ ಪಡೆದು, ಕೊನೆಗೆ ಕಪ್ ಗೆದ್ದದ್ದು ಅವನು ಹೋದ ಎಷ್ಟೋ ವರ್ಷದ ಮೇಲೆ.

ಸೂರಿನ ಕೆಳಗೆ ಅಮೆರಿಕನ್ ಫುಟ್‌ಬಾಲ್ ಆಡೋದು ಹೇಗೆ? ಜಾಗ ಸಾಲುತ್ತಾ?

ಸಾಲುವುದಿಲ್ಲ. ಅದಕ್ಕೇ ಆಟವನ್ನೇ ಚಿಕ್ಕದು ಮಾಡಿದರು. ಬಯಲಿನ ಮೈದಾನ 100 ಗಜ ಉದ್ದ ಇರುತ್ತದೆ, ಇಲ್ಲಿ 50 ಗಜ. ಅಗಲ 85 ಅಡಿ, ಅಂದರೆ ಐಸ್ ಹಾಕಿ ಅಂಗಳದಷ್ಟೇ. ಅಮೆರಿಕದ ಒಳಾಂಗಣ ಕ್ರೀಡಾಂಗಣಗಳಲ್ಲಿ ಐಸ್ ಹಾಕಿಗೆ ಜಾಗ ಮೊದಲೇ ಇರುತ್ತದಲ್ಲ, ಅದರ ಮೇಲೆ ಹಸಿರು ಹುಲ್ಲುಹಾಸು ಹಾಸಿದರೆ ಮೈದಾನ ರೆಡಿ. ಒಂದು ಕಡೆಗೆ 11 ಜನರ ಬದಲು 8 ಜನ.

ಅಂಗಳದ ಸುತ್ತ ಸೊಂಟದೆತ್ತರದ ಗೋಡೆ. ಅದಕ್ಕೆ ದಪ್ಪ ಸ್ಪಂಜಿನ ಹೊದಿಕೆ. ಬಯಲಿನ ಆಟದಲ್ಲಿ ಗೆರೆ ದಾಟಿದರೆ ಆಟಗಾರ ಹೊರಗೆ ಹೋದ ಅಂತ. ಇಲ್ಲಿ ಗೋಡೆಗೆ ಬಡಿಯುತ್ತಾನೆ. ಎಷ್ಟೋ ಸಲ ಗೋಡೆ ಹಾರಿ ಮೊದಲ ಸಾಲಿನಲ್ಲಿ ಕೂತವರ ಮಡಿಲಿಗೇ ಬೀಳುತ್ತಾನೆ. ಜನರ ನಡುವೆ ಬಿದ್ದ ಚೆಂಡು ಹಿಡಿದವರಿಗೇ ಸೇರಿದ್ದು, ಮನೆಗೆ ತೆಗೆದುಕೊಂಡು ಹೋಗಬಹುದು.

ಈ ಒಳಾಂಗಣದ ಆಟಕ್ಕೆ ಅರೀನಾ ಫುಟ್‌ಬಾಲ್ ಅಂತ ಹೆಸರು. ಅದರ ದೊಡ್ಡ ವಿಶೇಷ ಬಲೆ. ಗೋಲ್ ಕಂಬಗಳ ನಡುವಿನ ಅಂತರ 9 ಅಡಿ ಮಾತ್ರ, ಎನ್‌ಎಫ್‌ಎಲ್‌ನ ಅರ್ಧಕ್ಕಿಂತ ಕಮ್ಮಿ. ಎರಡೂ ಪಕ್ಕ 30 ಅಡಿ ಅಗಲ, 32 ಅಡಿ ಎತ್ತರದ ಬಿಗಿಯಾದ ಬಲೆ ತೂಗುತ್ತಿರುತ್ತದೆ. ಎಸೆದ ಚೆಂಡು ಬಲೆಗೆ ಬಡಿದು ಹಿಂದಕ್ಕೆ ಚಿಮ್ಮಿದರೆ ಆಟ ನಿಲ್ಲುವುದಿಲ್ಲ. ಅದು ನೆಲ ಮುಟ್ಟುವ ಮೊದಲು ಯಾರು ಹಿಡಿದರೂ ನಡೆಯುತ್ತದೆ. ಗುರಿ ತಪ್ಪಿದ ಕಿಕ್ ಬಲೆಯಿಂದ ವಾಪಸ್ ಬಂದಾಗ ಎದುರಾಳಿ ಅದನ್ನು ಹಿಡಿದು ಆ ತುದಿಯಿಂದ ಈ ತುದಿಗೆ ಓಡಿ ಟಚ್‌ಡೌನ್ ಮಾಡಿಬಿಡಬಹುದು, ಅಂದರೆ ಚೆಂಡನ್ನು ಕೊನೆಯ ಗೆರೆ ದಾಟಿಸಿ ಅಂಕ ಗಳಿಸಬಹುದು.

ಪಂಟ್ ಮಾಡುವ ಹಾಗಿಲ್ಲ. ಅಂದರೆ ದಾರಿ ಕಾಣದಿದ್ದಾಗ ಚೆಂಡನ್ನು ದೂರಕ್ಕೆ ಒದ್ದು ಬಚಾವಾಗಲು ಬಿಡುವುದಿಲ್ಲ. ಇದರಿಂದ ಆಟ ಒಂದೇ ಸಮನೆ ನುಗ್ಗುತ್ತದೆ. 60–50 ಇಲ್ಲಿ ಮಾಮೂಲಿ ಸ್ಕೋರು.

ಬಯಲಿನಲ್ಲಿ ನೋಡಿದ ಕಬಡ್ಡಿಗೂ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮ್ಯಾಟ್ ಮೇಲೆ ನೋಡಿದ ಕಬಡ್ಡಿಗೂ ಎಷ್ಟು ವ್ಯತ್ಯಾಸ ಅನಿಸುತ್ತದೆ ಅಲ್ವಾ? ದೀಪ, ಸದ್ದು, ಹತ್ತಿರ ಕೂತ ಜನ. ಅರೀನಾ ಫುಟ್‌ಬಾಲ್ ಅದೇ ಥರ.

ಇದನ್ನು ಕಂಡುಹಿಡಿದವರು ಯಾರು?

ಜಿಮ್ ಫಾಸ್ಟರ್. ಎನ್‌ಎಫ್‌ಎಲ್‌ನಲ್ಲಿ ಪ್ರಚಾರದ ಕೆಲಸ ಮಾಡುತ್ತಿದ್ದವರು. 1981ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್, ಅಂದರೆ ನಾವು ಫುಟ್‌ಬಾಲ್ ಅನ್ನುವ ಆಟದ ಪಂದ್ಯ ನೋಡುತ್ತಾ ಕೂತಿದ್ದರು. ಸಾಕರ್ ಅನ್ನು ಒಳಗೆ ಆಡಬಹುದಾದರೆ ಫುಟ್‌ಬಾಲ್ ಯಾಕಾಗಬಾರದು ಅಂತ ಹೊಳೆಯಿತು. ಕೈಯಲ್ಲಿದ್ದ ಕಂದು ಲಕೋಟೆಯ ಮೇಲೆ ಅಲ್ಲೇ ಮೈದಾನದ ಚಿತ್ರ ಬರೆದರು.

ಅಲ್ಲಿಂದ ನಿಜವಾದ ಪಂದ್ಯಕ್ಕೆ ಐದು ವರ್ಷ ಬೇಕಾಯಿತು. 1986ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಒಂದು ಪರೀಕ್ಷಾ ಪಂದ್ಯ ಆಯಿತು. 1987ರಲ್ಲಿ ಶಿಕಾಗೊ, ಡೆನ್ವರ್, ಪಿಟ್ಸ್‌ಬರ್ಗ್, ವಾಷಿಂಗ್ಟನ್ ನಾಲ್ಕು ತಂಡಗಳೊಂದಿಗೆ ಅರೀನಾ ಫುಟ್‌ಬಾಲ್ ಲೀಗ್ ಹುಟ್ಟಿತು. ಎಲ್ಲರೂ ಎಎಫ್‌ಎಲ್ ಅನ್ನುತ್ತಾರೆ. 1990ರಲ್ಲಿ ಫಾಸ್ಟರ್ ಅವರಿಗೆ ಆಟದ ಪೇಟೆಂಟ್ ಸಿಕ್ಕಿತು. ಒಂದು ಕ್ರೀಡೆಗೆ ಪೇಟೆಂಟ್ ಅಂದರೆ ಅಪರೂಪವೇ. ಬೇರೆ ಒಳಾಂಗಣ ಲೀಗುಗಳು ಹುಟ್ಟಿಕೊಂಡಾಗ ಅವರಿಗೆ ಬಲೆ ಬಳಸಲು ಆಗಲಿಲ್ಲ. ಬಲೆ ಇದ್ದರೆ ಅರೀನಾ ಫುಟ್‌ಬಾಲ್, ಇಲ್ಲದಿದ್ದರೆ ಬರೀ ಇಂಡೋರ್ ಫುಟ್‌ಬಾಲ್ ಅನ್ನುವ ಭೇದ ಬಂದದ್ದು ಹೀಗೆ.

ಲೀಗಿನ ಅಧ್ಯಕ್ಷಗಿರಿ ಬಿಟ್ಟ ಮೇಲೆ ಫಾಸ್ಟರ್ ತಾನೇ ಒಂದು ತಂಡ ಕಟ್ಟಲು ಹೊರಟರು. ಆರಿಸಿಕೊಂಡದ್ದು ಡೆ ಮೊಯ್ನ್. ಅದೇ ಬಾರ್ನ್‌ಸ್ಟಾರ್ಮರ್ಸ್.

ಹೆಲ್ಮೆಟ್ ಮೇಲೆ ಕನ್ನಡಕ ಯಾಕೆ?

1920ರ ದಶಕದಲ್ಲಿ ಸಣ್ಣ ವಿಮಾನ ಹಾರಿಸಿಕೊಂಡು ಹಳ್ಳಿ ಹಳ್ಳಿಗೆ ಬಂದು, ಹೊಲದಲ್ಲೇ ಇಳಿದು, ಕಸರತ್ತು ತೋರಿಸುತ್ತಿದ್ದ ಪೈಲಟ್‌ಗಳನ್ನು ಬಾರ್ನ್‌ಸ್ಟಾರ್ಮರ್ ಅನ್ನುತ್ತಿದ್ದರು. ಅವರ ಚರ್ಮದ ಟೋಪಿ, ದೊಡ್ಡ ಗಾಗಲ್ಸ್ ಈ ಹೆಲ್ಮೆಟ್ ಮೇಲೆ ಬಂದಿವೆ. ಫುಟ್‌ಬಾಲ್ ಹೆಲ್ಮೆಟ್‌ಗಳಲ್ಲಿ ಇಷ್ಟು ಚೆಂದದ್ದು ನಾನು ಬೇರೆ ನೋಡಿಲ್ಲ.

ಮೊದಲ ಮನೆ ಯಾವುದು?

ಡೆ ಮೊಯ್ನ್ ನಡುಪೇಟೆಯ ವೆಟರನ್ಸ್ ಮೆಮೋರಿಯಲ್ ಆಡಿಟೋರಿಯಂ. 1955ರಲ್ಲಿ ತೆರೆದದ್ದು. ಊರವರು ‘ವೆಟ್ಸ್’ ಅನ್ನುತ್ತಿದ್ದರು, ‘ಬಾರ್ನ್’ ಅಂತಲೂ ಕರೆಯುತ್ತಿದ್ದರು, ಅಂದರೆ ಕೊಟ್ಟಿಗೆ. ಅಯೋವಾದ ಹೈಸ್ಕೂಲ್ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೂರ್ನಿ ದಶಕಗಟ್ಟಲೆ ನಡೆದ ಜಾಗ ಅದು. ರಾಜ್ಯದ ಮೂಲೆ ಮೂಲೆಯ ಮನೆಯವರು ಒಂದಲ್ಲ ಒಂದು ಸಲ ಅಲ್ಲಿಗೆ ಬಂದವರೇ. ಹೊಸ ತಂಡ ಆ ಹಳೆಯ ಕಟ್ಟಡಕ್ಕೆ ಬಂದು ಕೂತದ್ದು ದೊಡ್ಡ ಅನುಕೂಲವಾಯಿತು. ಸುಮಾರು 11,000 ಜನ ಹಿಡಿಸುವ ಜಾಗ, ಸೂರು ತಗ್ಗು, ಕೂಗು ಒಳಗೇ ಸುತ್ತುತ್ತದೆ.

ಕರ್ಟ್ ವಾರ್ನರ್ ನಿಜವಾಗಲೂ ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರಾ?

ಹೌದು. ವಾರ್ನರ್ ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡು ಎಸೆದು ಆಟ ನಡೆಸುವವರಾಗಿ ಆಡಿದವರು. ಅಲ್ಲೂ ಕೊನೆಯ ವರ್ಷದವರೆಗೆ ಬೆಂಚಿನ ಮೇಲೆಯೇ. 1994ರಲ್ಲಿ ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ಶಿಬಿರಕ್ಕೆ ಕರೆ ಬಂತು. ಅಲ್ಲಿ ಆ ಜಾಗಕ್ಕೆ ಆಗಲೇ ಬ್ರೆಟ್ ಫಾರ್ವ್ ಇದ್ದರು, ಜೊತೆಗೆ ಮಾರ್ಕ್ ಬ್ರುನೆಲ್, ಟೈ ಡೆಟ್ಮರ್. ನಾಲ್ಕನೆಯವನಿಗೆ ಜಾಗ ಎಲ್ಲಿ? ಸೀಸನ್ ಶುರುವಾಗುವ ಮೊದಲೇ ಮನೆಗೆ ಕಳಿಸಿದರು. ಸೀಡರ್ ಫಾಲ್ಸ್ ಊರಿನ ಹೈ-ವೀ ಅಂಗಡಿಯಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದರು. ಕಪಾಟುಗಳಿಗೆ ಸಾಮಾನು ಜೋಡಿಸುವ ಕೆಲಸ. ಗಂಟೆಗೆ 5.50 ಡಾಲರ್.

ಬಾರ್ನ್‌ಸ್ಟಾರ್ಮರ್ಸ್ ಕರೆದದ್ದು ಆ ಹೊತ್ತಿನಲ್ಲಿ. ಒಳಾಂಗಣದ ಆಟ ಮೊದಮೊದಲು ಅವರ ಕೈಗೆ ಹತ್ತಲಿಲ್ಲ. ಮೈದಾನ ಚಿಕ್ಕದು, ಎದುರಾಳಿ ಮೈಮೇಲೆ ಬರಲು ಎರಡು ಕ್ಷಣವೂ ಬೇಡ. ಚೆಂಡು ಕೈಗೆ ಬಂದ ಕೂಡಲೇ ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಆಗಿರಬೇಕು. ಆ ಕಲಿಕೆ ಅಂಕಿಗಳಲ್ಲೇ ಕಾಣುತ್ತದೆ: 1995ರಲ್ಲಿ 43 ಟಚ್‌ಡೌನ್ ಪಾಸ್ (ಟಚ್‌ಡೌನ್ ತಂದ ಎಸೆತ), 1996ರಲ್ಲಿ 61, 1997ರಲ್ಲಿ 79. ಒಟ್ಟು 183. ಮುಂದೆ ಎನ್‌ಎಫ್‌ಎಲ್‌ನಲ್ಲಿ ಜನ ಬೆರಗಾಗಿ ನೋಡಿದ ಆ ಚುರುಕು ಎಸೆತ ಹದಗೊಂಡದ್ದು ಈ ಕೊಟ್ಟಿಗೆಯಲ್ಲೇ.

ಆಗ ತರಬೇತಿ ಕೊಟ್ಟವರು ಯಾರು?

ಜಾನ್ ಗ್ರೆಗರಿ. ಕೆನಡಾದ ಸಸ್ಕಾಚುವನ್ ರಫ್‌ರೈಡರ್ಸ್ ತಂಡಕ್ಕೆ 1989ರ ಗ್ರೇ ಕಪ್, ಅಂದರೆ ಅಲ್ಲಿನ ಫುಟ್‌ಬಾಲ್ ಲೀಗಿನ ಕಪ್, ಗೆದ್ದುಕೊಟ್ಟ ಕೋಚ್. ಆ ಫೈನಲ್ ಮುಗಿದದ್ದು 43–40ಕ್ಕೆ. ಜಾಸ್ತಿ ರನ್ ಆಗುವ ಪಂದ್ಯ ನಿಭಾಯಿಸುವುದು ಗೊತ್ತಿದ್ದವರು ಅಂತ ನಮ್ಮ ಕ್ರಿಕೆಟ್ ಭಾಷೆಯಲ್ಲಿ ಹೇಳಬಹುದು. 1995ರಿಂದ 2000ದವರೆಗೆ ಅವರೇ ಮುಖ್ಯ ಕೋಚ್. ವಾರ್ನರ್ ಬಗ್ಗೆ ಬರೆಯುವವರು ಇವರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ, ಅದು ನನಗೆ ಬೇಜಾರಿನ ವಿಷಯ.

ವಾರ್ನರ್ ಇದ್ದಾಗ ಕಪ್ ಗೆದ್ದರಾ?

ಇಲ್ಲ. ಎರಡು ಸಲ ಹತ್ತಿರ ಹೋಗಿ ತಪ್ಪಿತು.

1996ರಲ್ಲಿ ತಂಡ 14 ಪಂದ್ಯಗಳಲ್ಲಿ 12 ಗೆದ್ದಿತು. ಲೀಗಿನ ಫೈನಲ್‌ಗೆ ಅರೀನಾಬೋಲ್ ಅಂತ ಹೆಸರು. ಆ ವರ್ಷ ಹತ್ತನೆಯದು, ನಡೆದದ್ದು ಡೆ ಮೊಯ್ನ್‌ನಲ್ಲೇ. ಕೊಟ್ಟಿಗೆ ತುಂಬಿತ್ತು. ಎದುರಾಳಿ ಟ್ಯಾಂಪಾ ಬೇ ಸ್ಟಾರ್ಮ್, ಆ ದಶಕದಲ್ಲಿ ಫೈನಲ್ ಆಡಿ ಪಳಗಿದ ತಂಡ. 42–38ಕ್ಕೆ ಸೋಲು. ಅರೀನಾ ಫುಟ್‌ಬಾಲ್‌ನಲ್ಲಿ ನಾಲ್ಕು ಅಂಕ ಅಂದರೆ ಒಂದೇ ಒಂದು ಪಾಸಿನ ಮಾತು. ಸ್ವಂತ ಊರಿನಲ್ಲಿ, ಸ್ವಂತ ಜನರ ಎದುರು ಅಷ್ಟರಲ್ಲಿ ಹೋಯಿತು.

1997ರಲ್ಲಿ ಮತ್ತೆ ಫೈನಲ್. ಈ ಸಲ ಫೀನಿಕ್ಸ್‌ನಲ್ಲಿ, ಅರಿಜೋನಾ ರಾಟ್ಲರ್ಸ್ ಎದುರು. 55–33. ಇದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಆಮೇಲೆ ವಾರ್ನರ್ ಏನಾದರು?

1997ರಲ್ಲೇ ಎನ್‌ಎಫ್‌ಎಲ್‌ನ ಶಿಕಾಗೊ ಬೇರ್ಸ್ ತಂಡದ ಆಯ್ಕೆ ಪರೀಕ್ಷೆಗೆ ಕರೆ ಬಂದಿತ್ತು. ಮದುವೆಯಾಗಿ ಜಮೈಕಾಕ್ಕೆ ಹೋಗಿದ್ದಾಗ ಎಸೆಯುವ ಕೈಯ ಮೊಣಕೈಗೆ ಜೇಡ ಕಚ್ಚಿ ಊದಿಕೊಂಡಿತು. ಅವಕಾಶ ತಪ್ಪಿತು. 1998ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಸೇರಿದರು. ಆ ತಂಡದವರು ಅವರನ್ನು ಯುರೋಪಿನ ಲೀಗಿಗೆ, ಆಮ್‌ಸ್ಟರ್‌ಡ್ಯಾಮ್ ತಂಡಕ್ಕೆ ಆಡಲು ಕಳಿಸಿದರು. 1999ರ ಸೀಸನ್‌ಗೆ ಮೊದಲು ರ‍್ಯಾಮ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮೊಣಕಾಲಿಗೆ ದೊಡ್ಡ ಪೆಟ್ಟು ಮಾಡಿಕೊಂಡರು. ಬೇರೆ ದಾರಿಯಿಲ್ಲದೆ ವಾರ್ನರ್ ಅವರನ್ನು ಇಳಿಸಿದರು.

ಆ ವರ್ಷ 41 ಟಚ್‌ಡೌನ್ ಪಾಸ್, ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ. 2000ದ ಜನವರಿಯಲ್ಲಿ ಸೂಪರ್ ಬೋಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಫೈನಲ್‌ನಲ್ಲಿ, ಟೆನ್ನೆಸ್ಸಿ ಟೈಟನ್ಸ್ ಮೇಲೆ 23–16ರ ಗೆಲುವು. ಅದರಲ್ಲಿ 414 ಗಜ ಪಾಸಿಂಗ್, ಆಗಿನ ಮಟ್ಟಿಗೆ ಸೂಪರ್ ಬೋಲ್ ದಾಖಲೆ. ಮುಂದೆ ಅರಿಜೋನಾ ಕಾರ್ಡಿನಲ್ಸ್ ತಂಡವನ್ನೂ ಸೂಪರ್ ಬೋಲ್‌ವರೆಗೆ ಒಯ್ದರು. 2017ರಲ್ಲಿ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ಎರಡು ಅಂಗಳದಲ್ಲೂ ಆಡಿದವರಲ್ಲಿ ಅಲ್ಲಿಗೆ ಮೊದಲು ಮುಟ್ಟಿದವರು ಅವರೇ.

ಇಷ್ಟು ಜನ ಬರುತ್ತಿದ್ದ ತಂಡ ಊರು ಬಿಟ್ಟಿತಲ್ಲ, ಯಾಕೆ?

ಈ ಪ್ರಶ್ನೆ ಡೆ ಮೊಯ್ನ್ ಅಭಿಮಾನಿಗಳಿಗೆ ಈಗಲೂ ಕಹಿ. ವಾರ್ನರ್ ಸೂಪರ್ ಬೋಲ್ ಗೆದ್ದ ಅದೇ 2000ದಲ್ಲಿ ತಂಡ ಅಯೋವಾದಲ್ಲಿ ಕೊನೆಯ ಸೀಸನ್ ಆಡಿತು. ನ್ಯೂಯಾರ್ಕ್ ಐಲ್ಯಾಂಡರ್ಸ್ ಐಸ್ ಹಾಕಿ ತಂಡದ ಮಾಲೀಕ ಚಾರ್ಲ್ಸ್ ವಾಂಗ್ ಕೈಗೆ ಹೋಯಿತು. 2001ರಿಂದ ಲಾಂಗ್ ಐಲ್ಯಾಂಡ್‌ನ ನಸ್ಸಾ ಕೊಲಿಸಿಯಂನಲ್ಲಿ ‘ನ್ಯೂಯಾರ್ಕ್ ಡ್ರ್ಯಾಗನ್ಸ್’ ಆಗಿ ಆಡಿತು.

ಅಭಿಮಾನಿಗಳು ಬರಲಿಲ್ಲ ಅಂತ ಹೋದದ್ದಲ್ಲ. ಎಎಫ್‌ಎಲ್ ಆಗ ದೊಡ್ಡ ಕನಸು ಕಾಣುತ್ತಿತ್ತು. ದೊಡ್ಡ ನಗರ, ದೊಡ್ಡ ಟಿವಿ ಮಾರುಕಟ್ಟೆ, ಬೇರೆ ಲೀಗುಗಳ ಶ್ರೀಮಂತ ಮಾಲೀಕರು ಅದರ ಲೆಕ್ಕದಲ್ಲಿದ್ದರು. ಆ ಲೆಕ್ಕದಲ್ಲಿ ಡೆ ಮೊಯ್ನ್‌ನಂಥ ಊರಿಗೆ ಜಾಗ ಇರಲಿಲ್ಲ. ಅಮೆರಿಕದಲ್ಲಿ ತಂಡ ಅಂದರೆ ಮಾಲೀಕನ ಆಸ್ತಿ. ಊರಿಗೆ ಅದರ ಮೇಲೆ ಹಕ್ಕಿಲ್ಲ. ಮಾರುವ ಮೊದಲು ಹತ್ತು ಸಾವಿರ ಅಭಿಮಾನಿಗಳ ಮಾತನ್ನು ಯಾರೂ ಕೇಳಬೇಕಾಗಿಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ವಾರ್ನರ್ ನಂತರ ಬಂದ ಕ್ವಾರ್ಟರ್‌ಬ್ಯಾಕ್ ಏರನ್ ಗಾರ್ಸಿಯಾ ತಂಡದ ಜೊತೆಗೇ ನ್ಯೂಯಾರ್ಕಿಗೆ ಹೋದರು. ಅರೀನಾ ಫುಟ್‌ಬಾಲ್‌ನಲ್ಲಿ ಅವರ ಟಚ್‌ಡೌನ್ ಪಾಸ್‌ಗಳು ಸಾವಿರ ದಾಟಿದವು. ಸಂಖ್ಯೆಯಲ್ಲಿ ನೋಡಿದರೆ ವಾರ್ನರ್ ಅವರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಗಾರ್ಸಿಯಾ ಹೆಸರು ಕೇಳಿದವರು ಎಷ್ಟು ಜನ?

ತಂಡ ಹೋದ ಮೇಲೆ ಊರಿನಲ್ಲಿ ಏನಿತ್ತು?

2001ರಲ್ಲಿ ಅದೇ ಹೆಸರಿನಲ್ಲಿ ಎಎಫ್‌2 ತಂಡವೊಂದು ಬಂತು. ಎಎಫ್‌2 ಅಂದರೆ ಎಎಫ್‌ಎಲ್‌ನ ಕೆಳಗಿನ ಲೀಗ್, ಸಣ್ಣ ಊರುಗಳಿಗೆ ಅಂತ ಮಾಡಿದ್ದು. ಒಂದೇ ಸೀಸನ್‌ಗೆ ಮುಚ್ಚಿಹೋಯಿತು. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ.

ಆ ನಡುವೆ ಊರಿನಲ್ಲಿ ಹೊಸ ಒಳಾಂಗಣ ಎದ್ದಿತು. 2005ರಲ್ಲಿ, ಹಳೆಯ ವೆಟ್ಸ್ ಪಕ್ಕದಲ್ಲೇ. ವೆಲ್ಸ್ ಫಾರ್ಗೋ ಅರೀನಾ ಅಂತ ಹೆಸರಿಟ್ಟರು. ವೆಟ್ಸ್ ಕಟ್ಟಡ ಮುಂದೆ ಸಭೆ ಸಮಾವೇಶಗಳ ಜಾಗವಾಯಿತು.

ಮತ್ತೆ ಶುರುವಾದದ್ದು ಯಾವಾಗ?

2008ರಲ್ಲಿ, ಹೊಸ ಅರೀನಾದಲ್ಲಿ, ಎಎಫ್‌2 ತಂಡವಾಗಿ. ಅದೇ ಹೆಸರು, ಅದೇ ಗಾಗಲ್ಸ್ ಗುರುತು.

ಅದೇ ವರ್ಷದ ಕೊನೆಗೆ ಎಎಫ್‌ಎಲ್ ಕುಸಿಯಿತು. ಖರ್ಚು ಕೈಮೀರಿತ್ತು, ದೇಶದಲ್ಲಿ ಹಣದ ಮುಗ್ಗಟ್ಟು ಬೇರೆ. 2009ರ ಸೀಸನ್ನೇ ರದ್ದಾಯಿತು, ಲೀಗ್ ದಿವಾಳಿ ಎದ್ದಿತು. ಅಯೋವಾದಿಂದ ಹೋಗಿದ್ದ ನ್ಯೂಯಾರ್ಕ್ ಡ್ರ್ಯಾಗನ್ಸ್ ಕೂಡ ಅಲ್ಲಿಗೆ ಮುಗಿಯಿತು. ದೊಡ್ಡ ಮಾರುಕಟ್ಟೆ ಅಂತ ಹೊತ್ತೊಯ್ದ ತಂಡ ಎಂಟು ಸೀಸನ್‌ಗೆ ಕಣ್ಮರೆಯಾಯಿತು, ಬೇಡ ಅಂತ ಬಿಟ್ಟುಹೋದ ಊರಿನಲ್ಲಿ ಅದೇ ಹೊತ್ತಿಗೆ ತಂಡ ಆಡುತ್ತಿತ್ತು.

2010ರಲ್ಲಿ ಹಳೆಯ ಲೀಗಿನ ಹೆಸರು, ಗುರುತು ಎಲ್ಲ ಕೊಂಡು ಹೊಸಬರು ಎಎಫ್‌ಎಲ್ ಮತ್ತೆ ನಡೆಸಿದರು. ಬಾರ್ನ್‌ಸ್ಟಾರ್ಮರ್ಸ್ ಅದಕ್ಕೆ ಸೇರಿತು. 2014ರವರೆಗೆ ಅಲ್ಲಿ ಆಡಿ, 2015ರಿಂದ ಇಂಡೋರ್ ಫುಟ್‌ಬಾಲ್ ಲೀಗ್, ಅಂದರೆ ಐಎಫ್‌ಎಲ್‌ಗೆ ಬಂತು.

ಎಎಫ್‌ಎಲ್ ಬಿಟ್ಟು ಐಎಫ್‌ಎಲ್‌ಗೆ ಬಂದದ್ದು ಇಳಿದ ಹಾಗಲ್ವಾ?

ಹೆಸರಿನಲ್ಲಿ ಹೌದು, ಆದರೆ ಬುದ್ಧಿವಂತಿಕೆಯ ಕೆಲಸ. ಎಎಫ್‌ಎಲ್ ತಂಡಗಳು ದೇಶದ ಎರಡೂ ತುದಿಯಲ್ಲಿ ಹರಡಿದ್ದವು. ಪ್ರತಿ ಪಂದ್ಯಕ್ಕೂ ಇಡೀ ತಂಡಕ್ಕೆ ವಿಮಾನದ ಟಿಕೆಟ್. ಐಎಫ್‌ಎಲ್‌ನಲ್ಲಿ ಆಗ ಅಕ್ಕಪಕ್ಕದ ರಾಜ್ಯಗಳ ತಂಡಗಳು ಜಾಸ್ತಿ ಇದ್ದವು. ಬಸ್ಸಿನಲ್ಲಿ ಹೋಗಿಬರಬಹುದಿತ್ತು. ಹತ್ತಿರದ ಊರಿನ ಎದುರಾಳಿ ಅಂದರೆ ಜಿದ್ದೂ ಜಾಸ್ತಿ, ಎದುರಾಳಿಯ ಅಭಿಮಾನಿಗಳೂ ಕಾರು ಹತ್ತಿ ಬರುತ್ತಾರೆ.

ಎಎಫ್‌ಎಲ್ 2019ರಲ್ಲಿ ಮತ್ತೆ ದಿವಾಳಿಯಾಯಿತು. ಅಷ್ಟೊತ್ತಿಗೆ ಅಯೋವಾ ಸುರಕ್ಷಿತವಾಗಿ ಹೊರಗಿತ್ತು. 1997ರ ಫೈನಲ್‌ನಲ್ಲಿ ಸೋಲಿಸಿದ ಅರಿಜೋನಾ ರಾಟ್ಲರ್ಸ್ ಕೂಡ 2017ರಲ್ಲಿ ಇದೇ ಐಎಫ್‌ಎಲ್‌ಗೆ ಬಂದಿತ್ತು.

ಆಟದಲ್ಲಿ ಮುಖ್ಯ ವ್ಯತ್ಯಾಸ ಒಂದೇ: ಐಎಫ್‌ಎಲ್‌ನಲ್ಲಿ ಬಲೆ ಇಲ್ಲ. ನನಗೆ ಬಲೆ ಇರುವ ಆಟವೇ ಇಷ್ಟ.

ಹಾಗಾದರೆ ಕಪ್ ಗೆದ್ದದ್ದು ಯಾವಾಗ?

2018ರಲ್ಲಿ. ಐಎಫ್‌ಎಲ್ ಫೈನಲ್‌ಗೆ ಯುನೈಟೆಡ್ ಬೋಲ್ ಅನ್ನುತ್ತಾರೆ. ಎದುರಿದ್ದದ್ದು ಸೌತ್ ಡಕೋಟಾದ ಸೂ ಫಾಲ್ಸ್ ಸ್ಟಾರ್ಮ್. 2011ರಿಂದ 2016ರವರೆಗೆ ಸತತ ಆರು ವರ್ಷ ಕಪ್ ಎತ್ತಿದ ತಂಡ. ಡೆ ಮೊಯ್ನ್‌ನಿಂದ ಕಾರಿನಲ್ಲಿ ಅರ್ಧ ದಿನಕ್ಕಿಂತ ಕಮ್ಮಿ ದೂರ.

ಫೈನಲ್ ಡೆ ಮೊಯ್ನ್‌ನಲ್ಲಿ ನಡೆಯಿತು. 69–59ಕ್ಕೆ ಅಯೋವಾ ಗೆದ್ದಿತು. 1996ರಲ್ಲಿ ಇದೇ ಊರಿನಲ್ಲಿ ಫೈನಲ್ ಸೋತ 22 ವರ್ಷಕ್ಕೆ. ಮುಂದೆ ಸೂಪರ್ ಬೋಲ್‌ಗೆ ಹೋದವರು ಆ ತಂಡದಲ್ಲಿ ಯಾರೂ ಇಲ್ಲ. ತಾರೆಯಿಲ್ಲದ ತಂಡ ಗೆದ್ದುಕೊಟ್ಟ ಕಪ್ಪು ಅದು. ಕ್ರೀಡಾಪುಟಗಳಲ್ಲಿ ಇದಕ್ಕೆ ಸಿಕ್ಕ ಜಾಗ ಹೈ-ವೀ ಅಂಗಡಿಯ ಕಥೆಗೆ ಸಿಕ್ಕ ಜಾಗದ ಒಂದು ಪಾಲೂ ಅಲ್ಲ. ಆದರೆ ಈ ತಂಡದ ಇತಿಹಾಸದಲ್ಲಿ ಒಂದೇ ಒಂದು ರಾತ್ರಿ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಈಗಿನ ತಂಡ ಮತ್ತು ವಾರ್ನರ್ ಆಡಿದ ತಂಡ ಒಂದೇನಾ?

ಕಾಗದದ ಮೇಲೆ ಅಲ್ಲ. ವಾರ್ನರ್ ಆಡಿದ ತಂಡದ ಪರವಾನಗಿ ನ್ಯೂಯಾರ್ಕಿಗೆ ಹೋಗಿ ಅಲ್ಲೇ ಮುಗಿಯಿತು. 2008ರದ್ದು ಹೊಸ ತಂಡ. ಆದರೆ ಹೆಸರು, ಗುರುತು, ಊರು, ನೋಡುವ ಜನ ಎಲ್ಲ ಅದೇ. ಊರವರು ಎರಡನ್ನೂ ಒಂದೇ ಇತಿಹಾಸ ಅಂತ ನೋಡುತ್ತಾರೆ. ವಾರ್ನರ್ ಅವರ 13ನೇ ನಂಬರನ್ನು ಈ ಹೊಸ ತಂಡವೇ ಗೌರವದಿಂದ ಎತ್ತಿಟ್ಟಿದೆ, ಬೇರೆ ಯಾರಿಗೂ ಕೊಡುವುದಿಲ್ಲ. ನಾನಂತೂ ಊರವರ ಕಡೆ.

ಆಟಗಾರರಿಗೆ ಸಂಬಳ ಚೆನ್ನಾಗಿದೆಯಾ?

ಇಲ್ಲ. 2010ರಲ್ಲಿ ಎಎಫ್‌ಎಲ್ ಮತ್ತೆ ಶುರುವಾದಾಗ ಪಂದ್ಯಕ್ಕೆ 400 ಡಾಲರ್ ಕೊಡುತ್ತಿದ್ದರು. ಸೀಸನ್ ಕೆಲವೇ ತಿಂಗಳು, ಉಳಿದ ದಿನ ಬೇರೆ ಕೆಲಸ ಮಾಡಲೇಬೇಕು. ಗೋಡೆಗೆ ಬಡಿದು ಭುಜ ಮುರಿದುಕೊಂಡರೂ ಸುಮ್ನೆ ಎದ್ದು ಆಡುತ್ತಾರೆ. ಎಲ್ಲಾದರೂ ಒಂದು ಎನ್‌ಎಫ್‌ಎಲ್ ತಂಡ ನೋಡೀತು ಅನ್ನುವ ಆಸೆ ಕೆಲವರಿಗೆ. ಇನ್ನು ಕೆಲವರಿಗೆ ಆ ಆಸೆ ಯಾವಾಗಲೋ ಹೋಗಿದೆ, ಆಟ ಬಿಡಲು ಮನಸ್ಸಿಲ್ಲ ಅಷ್ಟೇ. ಎರಡನೆಯವರನ್ನು ಕಂಡರೆ ನನಗೆ ಜಾಸ್ತಿ ಗೌರವ.

ಕರ್ನಾಟಕದಲ್ಲಿ ಈ ಆಟ ಇದೆಯಾ?

ಒಳಾಂಗಣದ ಲೀಗ್ ಇಲ್ಲ. ಬಯಲಿನ ಅಮೆರಿಕನ್ ಫುಟ್‌ಬಾಲ್‌ಗೆ 2012ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಅಂತ ಒಂದು ಲೀಗ್ ಬಂದಿತ್ತು. ಅದರಲ್ಲಿ ‘ಬ್ಯಾಂಗಲೋರ್ ವಾರ್‌ಹಾಕ್ಸ್’ ಅನ್ನುವ ತಂಡ ಇತ್ತು.

ಅಯೋವಾದಲ್ಲಿದ್ದೇನೆ, ಪಂದ್ಯ ನೋಡಬೇಕು ಅಂದರೆ?

ಸೀಸನ್ ವಸಂತದಲ್ಲಿ ಶುರುವಾಗಿ ಬೇಸಿಗೆಯವರೆಗೆ ನಡೆಯುತ್ತದೆ, ಅಂದರೆ ಎನ್‌ಎಫ್‌ಎಲ್ ಇಲ್ಲದ ತಿಂಗಳುಗಳು. ಎನ್‌ಎಫ್‌ಎಲ್‌ಗೆ ಹೋಲಿಸಿದರೆ ಟಿಕೆಟ್ ಬೆಲೆ ಏನೇನೂ ಅಲ್ಲ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಗೋಡೆಗೆ ಅಂಟಿದ ಮೊದಲ ಸಾಲು ಸಿಕ್ಕರೆ ಖುಷಿಯೇ. ಆದರೆ ಪುಟ್ಟ ಮಕ್ಕಳಿದ್ದರೆ ನಾಲ್ಕೈದು ಸಾಲು ಮೇಲೆ ಕೂರಿ, ಆಟಗಾರರು ನಿಜವಾಗಲೂ ಗೋಡೆ ದಾಟಿ ಬರುತ್ತಾರೆ. ಮುಗಿದ ಕೂಡಲೇ ಎದ್ದು ಹೊರಡಬೇಡಿ. ಒಳಾಂಗಣ ಫುಟ್‌ಬಾಲ್‌ನಲ್ಲಿ ಪಂದ್ಯದ ನಂತರ ಪ್ರೇಕ್ಷಕರನ್ನು ಅಂಗಳಕ್ಕೆ ಬಿಡುವ ರೂಢಿಯಿದೆ. ಆಟಗಾರರು ಬೆವರು ಒರೆಸಿಕೊಳ್ಳುತ್ತಾ ಮಕ್ಕಳ ಟೋಪಿ, ಚೆಂಡಿನ ಮೇಲೆ ಸಹಿ ಹಾಕಿಕೊಡುತ್ತಾರೆ. ಪೆನ್ ಮರೆಯದೆ ಒಯ್ಯಿರಿ.